ಕುಲುಮೆಗೆ ಮುನ್ನ ಗುರುತು ಸಿಗಲಿ

ಮಲೆನಾಡಿನ ತೋಟದ ಶೆಡ್ಡುಗಳಲ್ಲಿ, ಹಳೆಯ ಮನೆಗಳ ಹಿತ್ತಿಲಲ್ಲಿ ದಶಕಗಳಿಂದ ನಿಂತಿದ್ದ ಅಂಬಾಸಿಡರ್, ಫಿಯಟ್ ಕಾರುಗಳು ಒಂದೊಂದಾಗಿ ಗುಜರಿಗೆ ಸಾಗುತ್ತಿವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗುವ ರಂಧ್ರಗಳಲ್ಲಿ ಕಸ ಕಟ್ಟಿಕೊಂಡರೆ ಬಾಗಿಲಿನ ತಳದ ತಗಡು ತುಕ್ಕಿಗೆ ತುತ್ತಾಗುತ್ತದೆ. ಆದರೆ ಅದೇ ಬಾಗಿಲಿನ ಹಿಡಿ, ಬೀಗ, ಕೀಲು, ಗಾಜು ಏರಿಸಿ ಇಳಿಸುವ ಹಿಡಿಕೆಗಳು ಎಷ್ಟೋ ಸಲ ಗಟ್ಟಿಯಾಗಿಯೇ ಉಳಿದಿರುತ್ತವೆ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು. ಗುರುತು ಸಿಕ್ಕಿದ ಬಿಡಿಭಾಗ ಸಂಪತ್ತು. ಗುರುತು ಸಿಗದ್ದು ಕಿಲೋ ಲೆಕ್ಕದ ಲೋಹ. ಮರುಬಳಕೆಯ ಬಗ್ಗೆ ಆಡುವ ಮಾತೆಲ್ಲ ಈ ಗುರುತಿಸುವ ವಿದ್ಯೆಯಿಂದಲೇ ಆರಂಭವಾಗಬೇಕು.

ಈ ಮಾತಿಗೆ ಈಗ ತುರ್ತು ಒದಗಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ನ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿರ್ಗಮಿಸಿದವು. 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಗೆ 2023ರ ಏಪ್ರಿಲ್ 1ರಿಂದ ತೆರೆಬಿದ್ದಿದೆ. ಇನ್ನೊಂದೆಡೆ, 50 ವರ್ಷ ದಾಟಿಯೂ ಮೂಲ ರೂಪದಲ್ಲೇ ಉಳಿದಿರುವ ಕಾರುಗಳಿಗೆ 2021ರ ಜುಲೈನ ಕೇಂದ್ರ ನಿಯಮಗಳು ವಿಂಟೇಜ್ ಮಾನ್ಯತೆ ನೀಡಿವೆ. 1970ರ ದಶಕದ ಆರಂಭದ ಕಾರುಗಳೂ ಈಗ ಈ ವಯಸ್ಸನ್ನು ದಾಟಿವೆ. ಮೂಲ ರೂಪ ಉಳಿಯಬೇಕಾದರೆ ಮೂಲ ಬಿಡಿಭಾಗ ಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಅದು ದೊರೆಯುವುದು ಬಹುತೇಕ ಸತ್ತ ಕಾರಿನಿಂದಲೇ.

ಗುರುತಿಸುವುದು ಹೇಗೆ? ಮೊದಲು ಹಿಡಿಯ ಹಿಂಬದಿಯನ್ನು ನೋಡಬೇಕು. ಎರಕ ಹೊಯ್ಯುವಾಗಲೇ ಮೂಡಿದ ಅಂಕಿ, ತಯಾರಕರ ಮುದ್ರೆ, ಎಡ-ಬಲದ ಸೂಚನೆ ಅಲ್ಲಿರಬಹುದು. ತಿರುಪುಗಳೂ ಮೂಲವನ್ನು ಹೇಳುತ್ತವೆ. ಇಟಲಿಯ ಫಿಯಟ್ ಮೂಲದವು ಮಿಲಿಮೀಟರ್ ಅಳತೆಯವು. ಆ ಕಾಲದ ಬ್ರಿಟಿಷ್ ಮೂಲದವು ಅಂಗುಲದ ಅಳತೆಯವು. ಒಂದರ ತಿರುಪನ್ನು ಇನ್ನೊಂದಕ್ಕೆ ಬಲವಂತದಿಂದ ಕೂರಿಸಿದರೆ ಎರಡೂ ಹಾಳು. ಕಾರಿನ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ 1971ರಲ್ಲಿ ಬಂದ ಮಾರಿಸ್ ಮರೀನಾದ ಹೊರಹಿಡಿಯನ್ನೇ ಟ್ರಯಂಫ್ ಟಿಆರ್7, ಲೋಟಸ್ ಎಸ್ಪ್ರಿ, ಲ್ಯಾಂಡ್ ರೋವರ್ ಡಿಸ್ಕವರಿಗಳಿಗೂ ಅಳವಡಿಸಲಾಗಿತ್ತು. ಸಾಮಾನ್ಯ ಕಾರಿನ ಹಿಡಿಯೊಂದು ದುಬಾರಿ ಕಾರಿಗೂ ಸಲ್ಲಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡನೆಯದು ಲೋಹದ ಪರೀಕ್ಷೆ. ಅಯಸ್ಕಾಂತ ಬಿಗಿಯಾಗಿ ಹಿಡಿದರೆ ಉಕ್ಕು. ಹಿಡಿಯದಿದ್ದರೆ ಹೊಳಪಿನ ಲೇಪದಡಿ ಹಿತ್ತಾಳೆ ಇರಬಹುದು, ಸತುವಿನ ಮಿಶ್ರಲೋಹವೂ ಇರಬಹುದು. ಹೊರಗೆ ಕಾಣದ ಮೂಲೆಯಲ್ಲಿ ಅರದಿಂದ ಸಣ್ಣ ಗೀರು ಎಳೆದರೆ ಹಳದಿ ಬಣ್ಣ ಹಿತ್ತಾಳೆಯನ್ನೂ ಬೂದು ಬಣ್ಣ ಸತುವನ್ನೂ ತೋರುತ್ತದೆ. ವಿದ್ಯಾರ್ಥಿಗಳು ಆರ್ಕಿಮಿಡೀಸ್ ತತ್ತ್ವವನ್ನು ಇಲ್ಲಿಯೇ ಪ್ರಯೋಗಿಸಿ ನೋಡಬಹುದು. ಸ್ಪ್ರಿಂಗು, ಪಿನ್ನು ಕಳಚಿದ ಹಿಡಿಯನ್ನು ತೂಗಿ, ಬಳಿಕ ನೀರಿನಲ್ಲಿ ಮುಳುಗಿಸಿ ಗಾತ್ರವನ್ನು ಅಳೆದರೆ, ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ ಬಂದದ್ದು ಹಿತ್ತಾಳೆ, 6.6ರ ಆಸುಪಾಸಿನದು ಸತುವಿನ ಮಿಶ್ರಲೋಹ, 2.7 ಬಂದರೆ ಅಲ್ಯೂಮಿನಿಯಂ. ಲೇಪದ ಮೇಲೆ ಗುಳ್ಳೆಗಳೆದ್ದಿದ್ದರೆ ಅದು ಸತುವಿನ ಎರಕವೆಂದು ಶಂಕಿಸಬೇಕು. ಹಿತ್ತಾಳೆಯ ಪಾತ್ರೆಗೆ ಸಲ್ಲುವ ಹುಣಸೆಹುಳಿ ಸತುವಿಗೆ ಸಲ್ಲದು. ಹುಳಿ ಅದನ್ನು ತಿನ್ನುತ್ತದೆ. ಸೌಮ್ಯ ಸಾಬೂನುನೀರು, ಮೃದುವಾದ ಬಟ್ಟೆ ಸಾಕು.

ಗುರುತಿಸುವ ಶ್ರಮಕ್ಕೆ ಪರಿಸರದ ಅರ್ಥವೂ ಇದೆ. ಸತುವಿನ ಹಿಡಿಗೆ ತಾಮ್ರ, ನಿಕ್ಕಲ್, ಕ್ರೋಮಿಯಂ ಎಂದು ಪದರ ಪದರವಾಗಿ ಲೇಪ ಹಾಕುತ್ತಾರೆ. ತಾಮ್ರದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಸಯನೈಡ್ ಲವಣ ಇರುತ್ತದೆ. ಕ್ರೋಮಿಯಂ ಲೇಪಕ್ಕೆ ಹಿಂದಿನಿಂದ ಬಳಸುತ್ತ ಬಂದಿರುವ ಆರು ವೇಲೆನ್ಸಿಯ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಸಿದ್ಧಪಟ್ಟಿದೆ. ಈ ತೊಟ್ಟಿಗಳ ನೀರು ಶುದ್ಧಿಯಾಗದೆ ಹೊರಬಿದ್ದರೆ ಅದು ಸೇರುವುದು ಯಾವುದೋ ಹಳ್ಳವನ್ನು, ಯಾರದೋ ಬಾವಿಯನ್ನು. ಆದ್ದರಿಂದ ಹೊಳಪು ಮಾಸಿದ ಹಿಡಿಗೆಲ್ಲ ಮರುಲೇಪ ಹಾಕಿಸುವ ಚಪಲವನ್ನು ಹತ್ತಿಕ್ಕುವುದು ಲೇಸು. ಮಾಸಿದ ಹಿಡಿಯೂ ಬಾಗಿಲನ್ನು ತೆರೆಯುತ್ತದೆ.

ಬಿಚ್ಚುವಾಗಿನ ಅವಸರವೇ ಅನೇಕ ಬಿಡಿಭಾಗಗಳಿಗೆ ಮೃತ್ಯು. ಬ್ರಿಟಿಷ್ ಮೂಲದ ಹಲವು ಹಳೆಯ ಕಾರುಗಳಲ್ಲಿ ಒಳಹಿಡಿಯ ಬುಡದ ದುಂಡು ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಅಡ್ಡಪಿನ್ನು ಕಾಣುತ್ತದೆ. ಅದನ್ನು ತಟ್ಟಿ ತೆಗೆದರೆ ಹಿಡಿ ಸಲೀಸಾಗಿ ಕಳಚುತ್ತದೆ. ಇದನ್ನರಿಯದೆ ಮೀಟಿದರೆ ಎರಕ ಮುರಿಯುತ್ತದೆ. ತುಕ್ಕು ಹಿಡಿದ ತಿರುಪಿಗೆ ಹಿಂದಿನ ದಿನವೇ ಎಣ್ಣೆ ಬಿಡಬೇಕು. ಸತುವಿಗಾಗಲಿ ಲೇಪವಿರುವ ಭಾಗಕ್ಕಾಗಲಿ ಗ್ಯಾಸ್ ಜ್ವಾಲೆ ಹಿಡಿಯಬಾರದು. ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಮರುಬಳಕೆಗೂ ಮಿತಿಯುಂಟು. ಓಡುವ ಕಾರಿನಲ್ಲಿ ಬಾಗಿಲನ್ನು ಹಿಡಿದಿಡುವ ಲಾಚು, ಅದರ ಎದುರಿನ ಸ್ಟ್ರೈಕರ್ ಹಾಗೂ ಕೀಲುಗಳು ಪ್ರಾಣ ಕಾಯುವ ಭಾಗಗಳು. ಹಲ್ಲು ಸವೆದ ಲಾಚನ್ನು, ಬಿರುಕು ಬಿಟ್ಟ ಕೀಲನ್ನು ಮತ್ತೆ ರಸ್ತೆಗೆ ತರುವುದು ಮಿತವ್ಯಯವಲ್ಲ, ಅಪಾಯ. ಅಲಂಕಾರಕ್ಕಷ್ಟೇ ಉಳಿದ ಹಿಡಿ ಮನೆಯ ಕಪಾಟಿಗೆ ಸಲ್ಲಬಹುದು. ಸವೆದ ಕೀಲು ಕೋಳಿಗೂಡಿನ ಬಾಗಿಲಿಗಾದೀತು. ಅಪರೂಪದ ಮಾದರಿಯ ಸುಸ್ಥಿತಿಯ ಹಿಡಿಯನ್ನು ಮಾತ್ರ ಕಪಾಟಿಗೆ ಜಡಿಯದೆ, ಅದಕ್ಕಾಗಿ ಹುಡುಕುತ್ತಿರುವ ಕಾರಿಗೇ ತಲುಪಿಸುವುದು ವಿವೇಕ. ಬಿಡಿಭಾಗ ಕೊಳ್ಳುವವರು ಮೂಲ ವಾಹನದ ಮಾಲೀಕತ್ವವನ್ನು ವಿಚಾರಿಸಿ ರಸೀದಿ ಪಡೆಯಬೇಕೆಂಬುದನ್ನೂ ಮರೆಯಲಾಗದು.

ಈ ಜ್ಞಾನ ಇಂದು ಉಳಿದಿರುವುದು ಹಳೆಯ ಮೆಕ್ಯಾನಿಕ್ಕುಗಳ ಕೈಬೆರಳುಗಳಲ್ಲಿ. ಹಿಡಿಯನ್ನು ಮುಟ್ಟಿಯೇ ಯಾವ ಕಾರಿನ ಯಾವ ಬಾಗಿಲಿನದೆಂದು ಹೇಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಊರಿನ ಐಟಿಐ, ಕಾಲೇಜುಗಳ ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು ಅಂಥವರ ಬಳಿ ಕುಳಿತುಕೊಳ್ಳಲಿ. ಪ್ರತಿ ಬಿಡಿಭಾಗದ ಚಿತ್ರ, ಅಂಕಿ, ಅಳತೆ, ಲೋಹ, ಎಡವೋ ಬಲವೋ, ಮುಂದಿನದೋ ಹಿಂದಿನದೋ ಎಂಬುದನ್ನು ದಾಖಲಿಸಲಿ. ಗ್ರಾಮಸ್ಥರು ಗುಜರಿಯ ಲಾರಿ ಬರುವ ಮುನ್ನ ಆ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ಬೆಟ್ಟಗಳನ್ನು ಅಗೆದು ತೆಗೆದ ಲೋಹವಿದು. ಗಣಿ ಬೇಡವೆನ್ನುವ ಊರು, ಗಣಿಯಿಂದ ಈಗಾಗಲೇ ಹೊರಬಂದದ್ದನ್ನು ಜತನ ಮಾಡುವ ಹೊಣೆಯನ್ನೂ ಹೊರಬೇಕಾಗುತ್ತದೆ.