ಬ್ಯಾಗ್ ತುಂಬಿದ್ದಾಯ್ತು, ಬಾಗಿಲು ನೋಡಿದ್ರಾ?

ಗೋವಾ ಟ್ರಿಪ್ ಅಂದ್ರೆ ಮನೆಯಲ್ಲಿ ಹಬ್ಬದ ಸಂಭ್ರಮ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಚೂಡಾ ಡಬ್ಬಿ ಸೇರುತ್ತವೆ. ಮಕ್ಕಳ ಜ್ವರದ ಔಷಧಿ, ಅತ್ತೆಯವರ ಬಿಪಿ ಮಾತ್ರೆ, ವಾಂತಿ ಬಂದರೆ ಬೇಕೆಂದು ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ... ಎಲ್ಲವನ್ನೂ ನೆನಪಿಟ್ಟು ತುಂಬುವವರು ನೀವೇ. ಹೊರಡುವ ಹೊತ್ತಿಗೆ ಪಕ್ಕದ ಮನೆಯವರ ಬುದ್ಧಿಮಾತು ಬೇರೆ. ‘ಹುಡುಗ್ರನ್ನ ಸಮುದ್ರದಾಗ ಇಳಿಸಬ್ಯಾಡ್ರಿ, ಹೊರಗಿನ ನೀರು ಕುಡಿಬ್ಯಾಡ್ರಿ, ಬಿಸಲಾಗ ತಿರಗಬ್ಯಾಡ್ರಿ.’

ಮಾತು ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಕಡಲಿನ ಪಾಲಾದರು. ಸಮುದ್ರಕ್ಕೆ ಹೆದರಲೇಬೇಕು. ಆದರೆ ಒಂದು ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ ನೋಡಿ. ‘ಬಸ್ಸಿನ ತುರ್ತು ಬಾಗಿಲು ಎಲ್ಲದ, ನೋಡ್ಕೋರಿ’ ಅಂತ.

ಹೋಗುವ ಊರಿನ ಬಗ್ಗೆ ನಮಗೆ ನೂರು ಭಯ. ಹೋಗುವ ದಾರಿಯ ಬಗ್ಗೆ ಒಂದೂ ಇಲ್ಲ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. 2022ರ ಒಂದೇ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದೂರದ ಕೆರಿಬಿಯನ್ ದ್ವೀಪಗಳಿಗೆ ಹೋಗುವ ಪ್ರವಾಸಿಗರಿಗೂ ಅಲ್ಲಿನ ಸೊಳ್ಳೆ, ಬಿಸಿಲಿನ ಜೊತೆಗೆ ವಾಹನದ ಬಗ್ಗೆ ಎಚ್ಚರ ಹೇಳುತ್ತಾರೆ. ಅಂಥದ್ದರಲ್ಲಿ ರಾತ್ರಿ ಬಸ್ಸನ್ನೇ ನಂಬಿದ ನಾವು ಕೇಳಿಸಿಕೊಳ್ಳದೇ ಇರೋದು ಸರಿಯೇ?

ಕಮಲಾಪುರದ ಆ ಬೆಳಗು

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಸಿಗುವ ತಾಲ್ಲೂಕು ಕೇಂದ್ರ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. 2022ರ ಜೂನ್ 3, ಶುಕ್ರವಾರ ಬೆಳಿಗ್ಗೆ ಸುಮಾರು ಆರೂವರೆಗೆ ಈ ಊರಿನ ಹೊರವಲಯದಲ್ಲಿ ಖಾಸಗಿ ಸ್ಲೀಪರ್ ಬಸ್ಸೊಂದು ಸರಕು ವಾಹನಕ್ಕೆ ಡಿಕ್ಕಿಯಾಯಿತು. ಸೇತುವೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಅದು. ಒಳಗಿದ್ದವರಲ್ಲಿ ಹುಟ್ಟುಹಬ್ಬ ಆಚರಿಸಲು ಗೋವಾಕ್ಕೆ ಹೋಗಿ ಮರಳುತ್ತಿದ್ದ ಬಂಧುಗಳ ಗುಂಪೊಂದಿತ್ತು. ಮಕ್ಕಳೂ ಸೇರಿ ಏಳು ಮಂದಿ ಬಸ್ಸಿನೊಳಗೇ ಸುಟ್ಟುಹೋದರು. ಗಾಯಗೊಂಡವರನ್ನು ಕಲಬುರಗಿಯ ಆಸ್ಪತ್ರೆಗಳಿಗೆ ತಂದರು.

ಸಮುದ್ರದಲ್ಲಿ ಅವರಿಗೆ ಏನೂ ಆಗಲಿಲ್ಲ. ಊಟ, ನೀರು, ಬಿಸಿಲು ಯಾವುದೂ ತೊಂದರೆ ಕೊಡಲಿಲ್ಲ. ಮನೆ ಮುಟ್ಟಲು ಇನ್ನು ಕೆಲವೇ ಗಂಟೆ ಬಾಕಿ ಇತ್ತು. ಜೀವ ಹೋಗಿದ್ದು ದಾರಿಯಲ್ಲಿ.

ಮತ್ತೆ ಮತ್ತೆ ಅದೇ ಕಥೆ

ಇದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬ್‌ನಗರ ಬಳಿಯ ಪಾಲೆಂನಲ್ಲಿ ಉರಿದು 45 ಮಂದಿ ಸತ್ತರು. ಎರಡೇ ವಾರಕ್ಕೆ, ನವೆಂಬರ್ 14ರಂದು, ಹಾವೇರಿ ಬಳಿ ಮುಂಬೈ ಕಡೆಗಿನ ಬಸ್ಸಿಗೆ ಬೆಂಕಿ ಬಿದ್ದು ಏಳು ಸಾವು. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ಹಿರಿಯೂರು ಬಳಿ ಉರಿದು ಮಕ್ಕಳೂ ಸೇರಿ ಐವರ ಸಾವು. 2025ರ ಅಕ್ಟೋಬರ್ 14ರಂದು ಜೈಸಲ್ಮೇರ್ ಬಳಿ ಇಪ್ಪತ್ತಕ್ಕೂ ಹೆಚ್ಚು, ಹತ್ತು ದಿನ ಕಳೆದು ಕರ್ನೂಲು ಬಳಿ 19 ಪ್ರಯಾಣಿಕರು. ಅದೇ ವರ್ಷ ಕ್ರಿಸ್‌ಮಸ್ ದಿನ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಹಿರಿಯೂರು ತಾಲ್ಲೂಕಿನಲ್ಲಿ ಡಿವೈಡರ್ ದಾಟಿ ಬಂದ ಕಂಟೇನರ್ ಲಾರಿ ಬಡಿದು ಮತ್ತೆ ಬೆಂಕಿ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ನೋಡಿ. 2025ರ ಏಪ್ರಿಲ್ 5ರಂದು ಬಾಗಲಕೋಟೆಯಿಂದ ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಬರುತ್ತಿದ್ದವರ ವಾಹನ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಗುದ್ದಿತು. ಐದು ಜನ ಸತ್ತರು. ಅಲ್ಲಿ ಬೆಂಕಿ ಇರಲಿಲ್ಲ, ಹೊತ್ತು ಮಾತ್ರ ಅದೇ, ಬೆಳಗಿನ ಜಾವ. ಜೈಸಲ್ಮೇರ್ ಒಂದನ್ನು ಬಿಟ್ಟರೆ ಮೇಲೆ ಹೇಳಿದ ಎಲ್ಲವೂ ರಾತ್ರಿ ಎರಡರಿಂದ ಬೆಳಿಗ್ಗೆ ಆರೂವರೆಯ ನಡುವೆ ನಡೆದವು. ಮನುಷ್ಯನ ದೇಹ ನಿದ್ದೆ ಬೇಡುವ ಹೊತ್ತು ಅದು. ಚಾಲಕನೂ ಮನುಷ್ಯನೇ ಅಲ್ವಾ?

ಸ್ಲೀಪರ್ ಬಸ್ಸೇ ಯಾಕೆ?

ಕಾರಣ ಕಷ್ಟದ್ದೇನಲ್ಲ. ಜನ ಓಡಾಡುವ ದಾರಿ ತೀರಾ ಇಕ್ಕಟ್ಟು. ಬಳಸುವ ಬಾಗಿಲು ಒಂದೇ, ಅದೂ ಮುಂದೆ. ಡಿಕ್ಕಿಯಾದಾಗ ಮೊದಲು ಜಖಂ ಆಗುವುದೂ ಅದೇ ಜಾಗ. ಎ.ಸಿ. ಬಸ್ಸಿನ ಗಾಜು ತೆರೆಯುವುದಿಲ್ಲ. ಹಾಸಿಗೆಯ ಫೋಮ್, ಪರದೆ, ಹೊದಿಕೆ ಎಲ್ಲವೂ ಬೇಗ ಹೊತ್ತಿಕೊಂಡು ದಟ್ಟ ಹೊಗೆ ಬಿಡುವಂಥವು. ಪ್ರಯಾಣಿಕರು ಮಲಗಿರುತ್ತಾರೆ, ಕತ್ತಲು ಬೇರೆ. ಉರಿಗಿಂತ ಮೊದಲು ಹೊಗೆಯೇ ಎಚ್ಚರ ತಪ್ಪಿಸಿಬಿಡುತ್ತದೆ.

ಇದರ ಮೇಲೆ ಮಾಲೀಕರ ಲಾಭದಾಸೆ. ಕರ್ನೂಲಿನ ಬಸ್ಸನ್ನು ಸೀಟರ್‌ನಿಂದ ಸ್ಲೀಪರ್ ಆಗಿ ಮಾರ್ಪಡಿಸಲಾಗಿತ್ತು, ಅದರಲ್ಲಿ ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತು ಎಂಬುದು ಆಗ ವರದಿಯಾಯಿತು. ಬೆಂಕಿ ಪತ್ತೆ ಮಾಡಿ ಎಚ್ಚರಿಸುವ ವ್ಯವಸ್ಥೆ ದೂರಪ್ರಯಾಣದ ಹೊಸ ಬಸ್ಸುಗಳಲ್ಲಿ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ತಂದಿದೆ. ನಿಯಮವೇನೋ ಇದೆ. ನೀವು ಹತ್ತುವ ಬಸ್ಸಿನಲ್ಲಿ ಅದು ಇದೆಯಾ ಅನ್ನೋದೇ ಪ್ರಶ್ನೆ.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಪ್ರಯಾಣಿಕರ ತಪ್ಪಲ್ಲ. ಬಸ್ಸನ್ನು ಸರಿಯಾಗಿ ಕಟ್ಟುವುದು ಮಾಲೀಕರ ಹೊಣೆ, ತಪಾಸಣೆ ಮಾಡುವುದು ಸಾರಿಗೆ ಇಲಾಖೆಯ ಹೊಣೆ. ಆದರೆ ಅವರು ಸರಿಹೋಗುವ ತನಕ ನಮ್ಮ ಮಕ್ಕಳನ್ನು ಅದೇ ಬಸ್ಸಿನಲ್ಲಿ ಮಲಗಿಸಬೇಕಲ್ಲ! ಅದಕ್ಕೇ ಈ ಕೆಲವು ಮಾತು.

ಟಿಕೆಟ್ ತೆಗೆಸುವ ಮೊದಲು

ಮೊದಲ ಪ್ರಶ್ನೆ, ಹಗಲು ಪ್ರಯಾಣ ಸಾಧ್ಯವೇ? ಕಲಬುರಗಿ–ಬೆಂಗಳೂರು ನಡುವೆ 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ರೈಲು ಶುರುವಾದ ಮೇಲೆ ಹಗಲಲ್ಲೇ ಬೆಂಗಳೂರು ಮುಟ್ಟಬಹುದು. ರೈಲಿದ್ದ ಕಡೆ ರೈಲೇ ವಾಸಿ. ‘ಒಂದು ದಿನ ರಜೆ ಹಾಳಾಗ್ತದ’ ಅಂತ ಮನೆಯವರು ಗೊಣಗಬಹುದು. ಗೊಣಗಲಿ ಬಿಡಿ.

ಬಸ್ಸೇ ಗತಿ ಎಂದಾದರೆ ಏಜೆಂಟರನ್ನು ಎರಡು ಪ್ರಶ್ನೆ ಕೇಳಿ. ಇಬ್ಬರು ಚಾಲಕರು ಇದ್ದಾರಾ? ಬಸ್ ಎಲ್ಲೆಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆ? ಚಾಲಕ ಐದು ಗಂಟೆಗಿಂತ ಹೆಚ್ಚು ಹೊತ್ತು ಸತತ ದುಡಿಯಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು.

ಈ ಅರ್ಧ ಗಂಟೆಯಲ್ಲಿ ನಮ್ಮ ಪಾಲೂ ಇದೆ. ಬಸ್ ನಿಲ್ಲಿಸುವುದಿಲ್ಲ, ಶೌಚಾಲಯ ಸಿಗುವುದಿಲ್ಲ ಅಂತ ಎಷ್ಟೋ ಹೆಂಗಸರು ಸಂಜೆಯಿಂದಲೇ ನೀರು ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಇದು ಅಪಾಯ. ಉರಿಮೂತ್ರ, ತಲೆಸುತ್ತು ಬರೋದು ಹೀಗೇ. ಗರ್ಭಿಣಿಯರಿಗಂತೂ ಇನ್ನೂ ತೊಂದರೆ. ‘ನಿಲ್ಲಿಸ್ರಿ ಅಣ್ಣಾರ, ಹೆಣ್ಮಕ್ಕಳು ಇಳೀಬೇಕು’ ಅಂತ ಕೇಳಲು ಸಂಕೋಚ ಬೇಡ. ನೀವು ಇಳಿಯುವ ಆ ಹತ್ತು ನಿಮಿಷ ಚಾಲಕನ ಕಣ್ಣಿಗೂ ವಿಶ್ರಾಂತಿ.

ಬಸ್ಸಿನ ನಂಬರ್ ಸಿಕ್ಕರೆ ‘ಎಂಪರಿವಾಹನ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಫಿಟ್‌ನೆಸ್, ವಿಮೆ ಯಾವಾಗ ಮುಗಿಯುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಮಗನಿಗೋ ಮಗಳಿಗೋ ಹೇಳಿದರೆ ಎರಡು ನಿಮಿಷದ ಕೆಲಸ. ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಕೆಳಗಿನ ಬರ್ತ್ ಕೇಳಿ. ಮೇಲಿನಿಂದ ಕತ್ತಲಲ್ಲಿ ಇಳಿಯುವುದು ಅವರಿಂದಾಗದು.

ಹತ್ತಿದ ಮೇಲೆ ಐದು ನಿಮಿಷ

ದೀಪ ಆರಿಸುವ ಮೊದಲಿನ ಐದು ನಿಮಿಷ ನಿಮ್ಮದು. ತುರ್ತು ಬಾಗಿಲು ಎಲ್ಲಿದೆ ನೋಡಿ. ಸಾಮಾನ್ಯವಾಗಿ ಬಲಬದಿಗೆ ಅಥವಾ ಹಿಂದೆ ಇರುತ್ತದೆ, ಕೆಲವು ಬಸ್ಸುಗಳಲ್ಲಿ ಚಾವಣಿಯಲ್ಲೂ ಕಿಂಡಿ ಇರುತ್ತದೆ. ಅದಕ್ಕೆ ಅಡ್ಡವಾಗಿ ಬರ್ತ್ ಹಾಕಿದ್ದಾರಾ? ಚೀಲ ಒಟ್ಟಿದ್ದಾರಾ? ಹಾಗಿದ್ದರೆ ತೆಗೆಸಿ. ನಿಮ್ಮ ಬರ್ತ್‌ನಿಂದ ಅಲ್ಲಿಗೆ ಎಷ್ಟು ಬರ್ತ್ ದಾಟಬೇಕು, ಬೆರಳಲ್ಲಿ ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದು, ಲೆಕ್ಕ ನೆನಪಿರುತ್ತದೆ.

ಗಾಜು ಒಡೆಯುವ ಸುತ್ತಿಗೆ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿವೆ ಎಂದು ಕ್ಲೀನರ್‌ನನ್ನು ಕೇಳಿ. ಮಕ್ಕಳಿಗೂ ತೋರಿಸಿ. ಅವರಿಗೆ ಅದೊಂದು ಆಟ, ನೆನಪು ನಿಮಗಿಂತ ಚೆನ್ನಾಗಿರುತ್ತದೆ. ಸುತ್ತಿಗೆಯನ್ನು ಗಾಜಿನ ನಡುವೆ ಹೊಡೆಯಬೇಡಿ. ಮೂಲೆಗೆ ಹೊಡೆದರೆ ಬೇಗ ಪುಡಿಯಾಗುತ್ತದೆ.

ಚಪ್ಪಲಿ ಕೈಗೆ ಸಿಗುವಂತಿರಲಿ, ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ಓಡಲಾಗದು. ಮೊಬೈಲ್, ಮಾತ್ರೆ, ಹಣ ಒಂದೇ ಸಣ್ಣ ಚೀಲದಲ್ಲಿ ಮೈಗೆ ಹತ್ತಿರ ಇರಲಿ. ಬಟ್ಟೆಯ ವಿಷಯವೂ ಮುಖ್ಯ. ನೈಲಾನ್, ಪಾಲಿಸ್ಟರ್ ಉರಿಯಲ್ಲಿ ಕರಗಿ ಮೈಗೆ ಅಂಟುತ್ತದೆ. ರಾತ್ರಿ ಪ್ರಯಾಣಕ್ಕೆ ಹತ್ತಿ ಬಟ್ಟೆಯೇ ಸೈ. ಸೀರೆಗಿಂತ ಚೂಡಿದಾರ್ ಸಲೀಸು.

ಇನ್ನು ಟೆಂಪೋ ಟ್ರಾವೆಲರ್ ಮಾಡಿಕೊಂಡು ತೀರ್ಥಯಾತ್ರೆಗೆ ಹೋಗುವವರು ಸಣ್ಣ ಗ್ಯಾಸ್ ಸಿಲಿಂಡರ್, ಒಲೆ ಕಟ್ಟಿಕೊಂಡೇ ಹೊರಡುತ್ತಾರೆ. ದಯವಿಟ್ಟು ಬೇಡ. 2023ರ ಆಗಸ್ಟ್ 26ರಂದು ಮಧುರೈನಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ ಒಂಬತ್ತು ಮಂದಿ ಸತ್ತಿದ್ದು ಕದ್ದೊಯ್ದ ಗ್ಯಾಸ್ ಸಿಲಿಂಡರ್‌ನಿಂದ, ಚಹಾ ಕಾಸಲು ಹೋಗಿ. ಒಂದು ಫ್ಲಾಸ್ಕ್ ಚಹಾ ಸಾಕು.

ಹೊಗೆ ಕಂಡರೆ, ಮೈ ಸುಟ್ಟರೆ

ಸುಟ್ಟ ವಾಸನೆ ಬಂದ ಕೂಡಲೇ ಕೂಗಿ ಎಲ್ಲರನ್ನೂ ಎಬ್ಬಿಸಿ. ಚೀಲ ಹುಡುಕಬೇಡಿ. ಹೊಗೆ ಮೇಲೆ ಸೇರುತ್ತದೆ, ಬಗ್ಗಿ ಇಲ್ಲವೇ ತೆವಳಿ ಹೋಗಿ. ಒದ್ದೆ ಬಟ್ಟೆ ಮೂಗು–ಬಾಯಿಗೆ ಇರಲಿ. ಹೊರಬಂದ ಮೇಲೆ ಬಸ್ಸಿನಿಂದ ದೂರ ಸರಿಯಿರಿ, ಸಾಮಾನಿಗೆಂದು ಒಳಗೆ ಮರಳಬೇಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲದ ಮೇಲೆ ಉರುಳಬೇಕು.

ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯಿರಿ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ಅರಿಶಿನ, ಶಾಯಿ, ತುಪ್ಪ ಯಾವುದೂ ಬೇಡ. ಇವೆಲ್ಲ ಗಾಯ ಕೆಡಿಸುತ್ತವೆ, ವೈದ್ಯರಿಗೆ ನೋಡಲು ಕಷ್ಟ. ಬಳೆ, ಉಂಗುರ, ಕಾಲುಂಗುರ ತಕ್ಷಣ ತೆಗೆಯಿರಿ. ಆಮೇಲೆ ಬಾವು ಬಂದು ತೆಗೆಯಲಾಗದು. ‘ಮುತ್ತೈದೆ, ಹ್ಯಾಂಗ ತೆಗೀಲಿ’ ಎನ್ನುವ ಹೊತ್ತಲ್ಲ ಅದು. ಮೈಗೆ ಅಂಟಿದ ಬಟ್ಟೆ ಕೀಳಬೇಡಿ, ಗುಳ್ಳೆ ಒಡೆಯಬೇಡಿ. ಶುಭ್ರ ಹತ್ತಿಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ.

ಈ ಸಂಖ್ಯೆಗಳನ್ನು ಮಕ್ಕಳ ಫೋನಿನಲ್ಲೂ ಹಾಕಿಡಿ. ಯಾವುದೇ ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033. ಕರೆ ಮಾಡುವಾಗ ಜಾಗ ಹೇಳಲು ಕಿಲೋಮೀಟರ್ ಕಲ್ಲು ನೋಡಿ.

ದಾರಿಯಲ್ಲಿ ಬೇರೆಯವರ ಅಪಘಾತ ಕಂಡರೂ ಹೆದರದೆ ನಿಲ್ಲಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಸಾಕ್ಷಿಯಾಗೆಂದು ಬಲವಂತ ಮಾಡುವಂತಿಲ್ಲ, 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಆ ರಕ್ಷಣೆ ಕೊಟ್ಟಿದೆ. ದುಡ್ಡಿಲ್ಲವೆಂದು ಚಿಕಿತ್ಸೆ ತಡ ಮಾಡಬೇಡಿ. 2025ರ ಮೇನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಹೆಸರಿಟ್ಟು ಕೇಳಿ.

‘ಹೋಗೋವಾಗ ಅಪಶಕುನದ ಮಾತು ಯಾಕ್ರಿ?’ ಅಂತ ಹಿರಿಯರು ಅನ್ನಬಹುದು. ಬಾಗಿಲು ನೋಡಿಕೊಳ್ಳುವುದು ಅಪಶಕುನ ಅಲ್ಲ. ಮನೆಯಲ್ಲಿ ಮಲಗುವ ಮುಂಚೆ ಗ್ಯಾಸ್ ಬಂದ್ ಆಗಿದೆಯಾ, ಚಿಲಕ ಬಿದ್ದಿದೆಯಾ ಅಂತ ದಿನಾ ನೋಡ್ತೀರಲ್ಲ, ಇದೂ ಅಷ್ಟೇ. ಮುಂದಿನ ಸಲ ಕಲಬುರಗಿಯಲ್ಲಿ ರಾತ್ರಿ ಬಸ್ ಹತ್ತಿದಾಗ ರೊಟ್ಟಿ ಡಬ್ಬಿ ತೆಗೆಯುವ ಮುನ್ನ ಒಮ್ಮೆ ಎದ್ದು ತುರ್ತು ಬಾಗಿಲವರೆಗೆ ನಡೆದು ಬನ್ನಿ. ನೀವು ಎದ್ದರೆ ಪಕ್ಕದ ಬರ್ತ್‌ನವರೂ ಏಳುತ್ತಾರೆ. ನಾಲ್ಕು ಜನ ಕೇಳತೊಡಗಿದರೆ ಬಾಗಿಲಿಗೆ ಅಡ್ಡವಿಟ್ಟ ಪಾರ್ಸೆಲ್ ತಾನಾಗಿ ಸರಿಯುತ್ತದೆ.