ಬಂದೂಕಿನ ಮೂತಿಗೆ ಬ್ಯಾಟರಿ ಯಾಕೆ?

ಸಮೀರವಾಡಿ: ಕಬ್ಬಿನ ಹಂಗಾಮು ಶುರುವಾಯಿತೆಂದರೆ ಇಲ್ಲಿ ಹಗಲೂ ಒಂದೇ, ರಾತ್ರಿಯೂ ಒಂದೇ. ಗೋದಾವರಿ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು, ಹೊಲಗಳ ಬದುವಿನಲ್ಲಿ ಕಬ್ಬು ಕಡಿಯೋ ಗ್ಯಾಂಗಿನವರ ಗುಡಿಸಲು. ಬೆಳಕು ಹರಿಯುವ ಮೊದಲೇ ಗಂಡ-ಹೆಂಡತಿ ಕಬ್ಬಿನೊಳಗೆ ಇಳಿದಿರುತ್ತಾರೆ. ಅದೇ ಕಬ್ಬಿನೊಳಗೆ ಹಂದಿಯೂ ಇರಬಹುದು. ಅದೇ ಬದುವಿಗೆ ಬಂದೂಕು ಹಿಡಿದು ಬೆಳೆ ಕಾಯುವವನೂ ಬರಬಹುದು. ಕತ್ತಲು ಮಾತ್ರ ಮೂವರಿಗೂ ಒಂದೇ.

ಇಂಥಲ್ಲಿ ಈಗ ಹೊಸ ಹುಚ್ಚೊಂದು ಹತ್ತಿದೆ. ಲೈಸೆನ್ಸಿನ ಬಂದೂಕೇ ಇರಲಿ, ಏರ್ ಗನ್ನೇ ಇರಲಿ, ಕೈಗೆ ಬಂದ ಮರುದಿನವೇ ಅದಕ್ಕೆ ಏನಾದರೂ ಸಿಗಿಸಬೇಕು. ಮೂತಿಗೊಂದು ಬ್ಯಾಟರಿ, ಬೆನ್ನಿಗೊಂದು ದುರ್ಬೀನು. ಗುರಿ ಹಿಡಿಯೋಕೆ ಬರದಿದ್ದರೂ ಶೃಂಗಾರಕ್ಕೆ ಕಮ್ಮಿಯಿಲ್ಲ!

ಮೊದಲು ಬ್ಯಾಟರಿಯ ಮಾತು. ನಳಿಗೆಗೆ ಕಟ್ಟಿದ ಬ್ಯಾಟರಿ ಯಾವ ಕಡೆ ತಿರುಗುತ್ತದೋ ನಳಿಗೆಯೂ ಆ ಕಡೆಗೇ ತಿರುಗುತ್ತದೆ. ಕಬ್ಬಿನೊಳಗೆ ಸಪ್ಪಳ ಆಯಿತು ಅಂತ ಬೆಳಕು ಬಿಟ್ಟರೆ, ಅಲ್ಲಿರೋದು ಹಂದಿಯೋ ಮನುಷ್ಯನೋ ಅಂತ ತಿಳಿಯೋದರೊಳಗೆ ಬಂದೂಕು ಅವನ ಎದೆಗೆ ನಿಂತಾಗಿರುತ್ತದೆ. ಆಮೇಲೆ ಬೆರಳೊಂದು ನಡುಗಿದರೆ ಸಾಕು. ಹೊಸಬನಿಗೆ ಬೇಕಾದದ್ದು ಬಂದೂಕಿನ ಬ್ಯಾಟರಿಯಲ್ಲ, ಇನ್ನೊಬ್ಬನ ಕೈಯಲ್ಲಿನ ಬ್ಯಾಟರಿ. ಆತ ಬೆಳಕು ಬಿಡಬೇಕು, ಇಬ್ಬರೂ ಕಣ್ಣಾರೆ ನೋಡಬೇಕು. ಅಲ್ಲಿತನಕ ಬಂದೂಕಿನ ಮೂತಿ ನೆಲ ನೋಡುತ್ತಿರಬೇಕು.

ಇನ್ನು ದುರ್ಬೀನು. ದೂರದ್ದನ್ನು ಹತ್ತಿರ ತೋರಿಸುತ್ತದೆ, ಖರೆ. ಆದರೆ ಅದರ ಬಿಲ್ಲೆಯಗಲದ ಕಿಂಡಿಯಾಚೆ ಯಾರು ಬಂದರು, ಯಾರು ಹೋದರು ಅನ್ನೋದು ಕಾಣೋದಿಲ್ಲ. ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಆ ಸ್ಪರ್ಧೆಗೆ ದುರ್ಬೀನು ನಿಷಿದ್ಧ. ಸಣ್ಣ ತೂತಿನ ಗುರಿಯಲ್ಲೇ ಹೊಡೆಯಬೇಕು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ಲಿಗೂ ಅದೇ ಕಟ್ಟಳೆ. ಒಲಿಂಪಿಕ್ಸ್ ಪದಕ ತಂದವರಿಗೇ ಬೇಡವಾದ ದುರ್ಬೀನು ನಿನ್ನೆ ಬಂದೂಕು ಹಿಡಿದವನಿಗೆ ಯಾಕೆ ಬೇಕು?

ಬೇಕೇ ಬೇಕು ಅನ್ನುವವರು ತಿಳಿದು ಕೂಡಿಸಲಿ. ಸ್ಪ್ರಿಂಗಿನ ಏರ್ ಗನ್ ಹೊಡೆದಾಗ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಕಡೆಯ ಹೊಡೆತಕ್ಕೆ ದೊಡ್ಡ ರೈಫಲ್ಲಿನ ದುರ್ಬೀನು ಕೂಡ ಒಳಗೆ ಸಡಿಲಾಗಿ ಕೆಡುತ್ತದೆ. ಏರ್ ಗನ್ನಿಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಬೇಕು. ಬಂದೂಕಿನ ಬೆನ್ನ ಮೇಲಿನ ತೋಡಿನ ಅಗಲ ಸಾಮಾನ್ಯವಾಗಿ 11 ಮಿಲಿಮೀಟರ್. ಹಿಡಿದಿಡುವ ರಿಂಗುಗಳೂ ಅದೇ ಅಳತೆಯವಿರಬೇಕು. ಹಿಂದಕ್ಕೆ ಜಾರದಂತೆ ತಡೆಯುವ ಮೊಳೆ ಇರಬೇಕು.

ಕೂಡಿಸುವ ಮೊದಲು ಬಂದೂಕು ಖಾಲಿ ಇದೆಯೋ ಇಲ್ಲವೋ ಎರಡು ಸಲ ನೋಡಬೇಕು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಸ್ಕ್ರೂಗಳನ್ನು ಗಾಡಿಯ ಗಾಲಿಗೆ ನಟ್ಟು ಬಿಗಿದಂತೆ ಎದುರು-ಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಜೋರು ಮಾಡಿದರೆ ದುರ್ಬೀನಿನ ಕೊಳವೆ ನೆಗ್ಗುತ್ತದೆ. ಕಣ್ಣಿಗೂ ಗಾಜಿಗೂ ಸುಮಾರು ಮೂರು ಇಂಚು ಅಂತರ ಬೇಕು, ಇಲ್ಲವಾದರೆ ಹುಬ್ಬು ಹರಿಯುತ್ತದೆ. ಆಮೇಲೆ ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ ಕಡೆ ಕಾಗದದ ಗುರಿ ಇಟ್ಟು ಸರಿಪಡಿಸಿಕೊಳ್ಳಬೇಕು. ಕಲ್ಲಿನ ಗೋಡೆಗೆ ಬ್ಯಾಡ, ಬಡಿದ ಗುಂಡು ತಿರುಗಿ ಹೊಡೆದವನ ಕಣ್ಣಿಗೇ ಬಂದೀತು.

ಕಾನೂನೂ ಗೊತ್ತಿರಲಿ. ಸಪ್ಪಳ ತಗ್ಗಿಸುವ ಸೈಲೆನ್ಸರನ್ನು 1959ರ ಶಸ್ತ್ರ ಕಾಯ್ದೆ ಬಂದೂಕು ಅಂತಲೇ ಎಣಿಸುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ನಳಿಗೆ ಕೊಯ್ಸಿ ಮೋಟು ಮಾಡಿಸಿದರೆ, 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ ಜೈಲು. ಏರ್ ಗನ್ನಿಗೆ ಲೈಸೆನ್ಸ್ ಬೇಡ ಅನ್ನೋದಕ್ಕೂ ಮಿತಿ ಇದೆ: 0.177 ಇಂಚಿನ ನಳಿಗೆ, 20 ಜೂಲ್ ಶಕ್ತಿ. ಹಂದಿ ಹೊಲ ಹೊಕ್ಕಿತು ಅಂತ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯೋ ಹಾಗೂ ಇಲ್ಲ.

‘ಬೆಳೆ ಹಾಳಾದ್ರ ಯಾರು ಕೊಡ್ತಾರ?’ ಎಂಬ ರೈತರ ಪ್ರಶ್ನೆ ನ್ಯಾಯವಾದದ್ದೇ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಮಣ್ಣಾಗುವ ಸಂಕಟ ಸಣ್ಣದಲ್ಲ. ಆಯುಧದ ಬೆಲೆಯನ್ನು ಈ ಸೀಮೆಗೆ ಹೊರಗಿನವರು ಬಂದು ಹೇಳಬೇಕಾಗಿಯೂ ಇಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದ ಇಂಗ್ಲಿಷರ ಹುಕುಮಿಗೆ ಎದುರು ನಿಂತು ಪ್ರಾಣ ಕೊಟ್ಟ ಬೇಡರ ಹಲಗಲಿ ಇದೇ ಮುಧೋಳ ಸೀಮೆಯದು. ಅವರಿಗೆ ಆಯುಧ ಎಂದರೆ ಮಾನ, ಹೊಟ್ಟೆಪಾಡು. ಅಂಗಡಿಯಲ್ಲಿ ಕೊಂಡು ಅಲಂಕರಿಸುವ ಗೊಂಬೆಯಲ್ಲ.

ಹೊಸಬನಿಗೆ ಮೊದಲು ಬೇಕಾದ ಸಾಮಾನು ನಾಲ್ಕೇ: ನಳಿಗೆ ಒರೆಸುವ ಕೋಲು, ಹೆಗಲಿಗೆ ಗಟ್ಟಿ ಬೆಲ್ಟು, ಕಣ್ಣಿಗೆ ಕನ್ನಡಕ, ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಬೀಗ. ಉಳಿದದ್ದೆಲ್ಲ ಕೈ ಪಳಗಿದ ಮೇಲೆ.

ಕಾರ್ಖಾನೆಯ ಕಬ್ಬು ವಿಭಾಗಕ್ಕೂ ಪೊಲೀಸರಿಗೂ ಒಂದು ಮಾತು. ಬಂದೂಕಿನ ಲೈಸೆನ್ಸ್ ಕೇಳುವವರಿಗೆ ಸುರಕ್ಷತೆಯ ತರಬೇತಿ ಬೇಕೆಂದು 2016ರ ನಿಯಮದಲ್ಲೇ ಬರೆದಿದೆ. ಅದು ಕಾಗದದಲ್ಲೇ ಮುಗಿಯದಿರಲಿ. ಕಟಾವಿನ ಆದೇಶ ಕೊಡುವಾಗಲೇ ರೈತನಿಗೆ ಒಂದು ಸಾಲು ಹೇಳಿಬಿಡಲಿ: ಗ್ಯಾಂಗು ಹೊಲಕ್ಕಿಳಿದ ದಿನ ಆ ಹೊಲಕ್ಕೂ ಅಕ್ಕಪಕ್ಕದ ಹೊಲಕ್ಕೂ ಬಂದೂಕು ಬರಕೂಡದು. ಇದಕ್ಕೆ ಖರ್ಚು ಒಂದು ಪೈಸೆಯೂ ಇಲ್ಲ. ಹೊಟ್ಟೆ ಹೊರೆಯಲು ಊರು ಬಿಟ್ಟು ಬಂದವರ ಜೀವ ಒಂದು ಬ್ಯಾಟರಿಯ ಬೆಳಕಿಗೆ ಗುರಿಯಾಗಬಾರದು.