ಗಾಡಿ ಕೆಟ್ಟರೆ ಮೊದಲು ಜಾಕಿ ಹುಡುಕಬೇಡಿ

ಕಳೆದ ನವೆಂಬರ್‌ನಲ್ಲಿ ತರೀಕೆರೆಯಲ್ಲಿ ಆರತಕ್ಷತೆಯ ಊಟ ಮುಗಿಸಿ ಅಜ್ಜಂಪುರಕ್ಕೆ ವಾಪಸಾಗುತ್ತಿದ್ದೆವು. ರಾತ್ರಿ ಹತ್ತೂವರೆ. ಚಿಕ್ಕಪ್ಪನ ಹಳೇ ವ್ಯಾನ್, ಓಡಿಸುತ್ತಿದ್ದವನು ಅವರ ಮಗ, ನನ್ನ ಅಣ್ಣ. ಹಿಂದಿನ ಬಲಗಡೆ ಚಕ್ರ ಪಂಕ್ಚರ್ ಆಯಿತು. ಅಣ್ಣ ತಿರುವು ದಾಟಿದ ಕೂಡಲೇ ಡಾಂಬರಿನ ಮೇಲೇ ನಿಲ್ಲಿಸಿದ. ನಾನು ರಸ್ತೆಗೆ ಬೆನ್ನು ಹಾಕಿ, ಬಾಯಲ್ಲಿ ಮೊಬೈಲ್ ಟಾರ್ಚ್ ಕಚ್ಚಿಕೊಂಡು ನಟ್ ಬಿಚ್ಚಲು ಕೂತೆ. ಮೆಕ್ಯಾನಿಕಲ್ ಓದುವವನಲ್ಲವೇ, ಆ ಗೌರವ ನನ್ನದೇ!

ಹಿಂದಿನಿಂದ ಬಂದ ಲಾರಿ ಕರ್ಕಶವಾಗಿ ಹಾರ್ನ್ ಹೊಡೆದು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ನನ್ನ ಅಂಗಿ ಪಟಪಟ ಎಂದಿತು. ಸ್ವಲ್ಪ ಮುಂದೆ ನಿಲ್ಲಿಸಿದ ಡ್ರೈವರ್ ಇಳಿದು ಬಂದವರೇ, ‘ಚಕ್ರ ಹೋದ್ರೆ ಬೇರೆ ಹಾಕ್ಬೋದು ಕಣ್ರೋ, ನಿಮ್ಮನ್ನ ಯಾರು ಬಿಚ್ಚಿ ಹಾಕ್ತಾರೆ?’ ಎಂದು ಬೈದರು. ನಾಲ್ಕೂ ಇಂಡಿಕೇಟರ್ ಹಾಕಿಸಿ, ವ್ಯಾನನ್ನು ನಿಧಾನಕ್ಕೆ ಮುಂದಕ್ಕೆ ಓಡಿಸಿ ಎಡಕ್ಕಿಳಿಸಿದರು. ಅಲ್ಲಿ ಅಂಚು ಕಿರಿದು, ಅರ್ಧ ವ್ಯಾನ್ ರಸ್ತೆಯಲ್ಲೇ ಉಳಿಯಿತು. ಹೊಂಗೆ ಕೊಂಬೆ ಮುರಿದು, ತಿರುವಿನ ಆಚೆಯವರೆಗೂ ಹೋಗಿ ನಾಲ್ಕು ಕಲ್ಲಿನ ಜೊತೆ ಇಟ್ಟು ಬಂದು, ತಮ್ಮ ದಾರಿ ಹಿಡಿದರು.

ಅಷ್ಟು ದೂರ ಯಾಕೆ ಎಂದು ಮನೆಯಲ್ಲಿ ಲೆಕ್ಕ ಹಾಕಿದೆ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ಕಂಡು, ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲೂ ಕಾರು ನಿಲ್ಲಲು ಇನ್ನೂ 35 ಮೀಟರ್‌ನಷ್ಟು ಬೇಕು. ಲೋಡ್ ಲಾರಿಗೆ, ಮಳೆಯಲ್ಲಿ ಇನ್ನೂ ಜಾಸ್ತಿ. ವ್ಯಾನಿನ ಬೆನ್ನಿಗೇ ಕೆಂಪು ತ್ರಿಕೋನ ಇಟ್ಟರೆ ಅದು ಬರೀ ಅಲಂಕಾರ.

ನಮ್ಮ ಕಡೆ ಇನ್ನೊಂದು ಅಪಾಯವಿದೆ. ಸುಗ್ಗಿ ಬಂತೆಂದರೆ ಕಡೂರಿನ ಸುತ್ತಮುತ್ತ ರಾಗಿ, ಹುರುಳಿ ಒಕ್ಕಣೆ ರಸ್ತೆಯ ಮೇಲೇ. ಹುರುಳಿ ಬಳ್ಳಿ ಕಾರಿನ ಅಡಿ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಕಣದ ಮೇಲೇ ನಿಲ್ಲಿಸಬಾರದು. ಅದನ್ನು ದಾಟಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ದೂರ ನಿಲ್ಲಬೇಕು. ಬಾನೆಟ್ ಎತ್ತಿ ಇಣುಕುವ ಚಪಲ ಬೇಡ, ಗಾಳಿ ಸಿಕ್ಕರೆ ಬೆಂಕಿ ಏಳುತ್ತದೆ. ಕುದಿಯುವ ರೇಡಿಯೇಟರಿನ ಮುಚ್ಚಳವೂ ಅಷ್ಟೇ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿಗಿಂತ ಬಿಸಿಯಿರುತ್ತದೆ, ತೆಗೆದ ಕ್ಷಣ ಮುಖಕ್ಕೇ ಹಾರುತ್ತದೆ. ಕೆಮ್ಮಣ್ಣುಗುಂಡಿ ಹತ್ತಿ ಎಂಜಿನ್ ಕಾದರೆ ತಣ್ಣಗಾಗುವವರೆಗೆ ಸುಮ್ಮನೆ ಕಾಯಬೇಕು. ಇಳಿಯುವಾಗ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಗೆಳೆಯರಿಗೆ ಏನು ಹೇಳಲಿ? ಚಿಕ್ಕ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ.

ನನ್ನ ತಕರಾರು ಇಷ್ಟೇ. ಫೋರ್ ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನು ಕಣ್ಣುಮುಚ್ಚಿ ಬರೆಯುತ್ತೇನೆ. ಲೈಸೆನ್ಸಿಗೆ ಎಂಟು ಹಾಕಿ ತೋರಿಸಿದ್ದೇನೆ. ಆದರೆ ಕೆಟ್ಟ ಗಾಡಿಯ ಪಕ್ಕ ಎಲ್ಲಿ ನಿಲ್ಲಬೇಕೆಂದು ಯಾರೂ ಕೇಳಲಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಕರೆ ಮಾಡಬಹುದು ಎಂದು ತರಗತಿಯಲ್ಲಿ ಹೇಳಿದರೆ ನಾಲ್ವರಿಗೆ ಗೊತ್ತಿದ್ದರೆ ಹೆಚ್ಚು. 112 ಮಾತ್ರ ಗೊತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಹತ್ತು ನಿಮಿಷ, ಸ್ಟೆಪ್ನಿ ಬದಲಿಸುವುದನ್ನೂ ತ್ರಿಕೋನ ಇಡುವುದನ್ನೂ ಮಾಡಿಸಿದರೆ ಸಾಕು. ನಾಳೆ ಕೆಲಸ ಸಿಕ್ಕಿ ಮೊದಲ ಸಂಬಳದಲ್ಲಿ ಬೈಕು, ಕಾರು ಕೊಳ್ಳುವವರು ನಾವೇ ತಾನೆ?

ಆ ರಾತ್ರಿಯ ಮಾತು ಇನ್ನೂ ಮುಗಿದಿಲ್ಲ. ಸ್ಟೆಪ್ನಿ ಹಾಕಿ ಖುಷಿಯಾಗಿ ಹೊರಟು ಬಂದೆವು. ಮನೆ ಗೇಟು ತೆಗೆಯುವಾಗ ಅಣ್ಣ ಕೇಳಿದ: ‘ಲೋ, ಕಲ್ಲು ಎತ್ತಿದೆಯಾ?’

ನಾನು ಎತ್ತಿರಲಿಲ್ಲ. ಕತ್ತಲಲ್ಲಿ ಬೈಕಿನವನಿಗೆ ಅಂಥ ಒಂದು ಕಲ್ಲು ಸಾಕು. ಬೈಕ್ ತೆಗೆದುಕೊಂಡು ಇಬ್ಬರೂ ವಾಪಸ್ ಹೋದೆವು. ಮೂರು ಕಲ್ಲನ್ನು ಯಾರೋ ಆಗಲೇ ಚರಂಡಿಗೆ ತಳ್ಳಿದ್ದರು. ನಾಲ್ಕನೆಯದು ರಸ್ತೆಯಲ್ಲೇ ಇತ್ತು, ಇಟ್ಟ ಜಾಗದಿಂದ ಎರಡು ಮಾರು ಮುಂದೆ. ಅದನ್ನು ಅಷ್ಟು ದೂರ ಉರುಳಿಸಿದ್ದು ಯಾರ ಚಕ್ರವೋ.